ಮಗನ್ನ ಸೇರಿಸಿದಾಗ ಇಲ್ಲದ ಮೀಟಿಂಗು ಮಗಳಿಗ್ಯಾಕೆ?

ಹೋದ ತಿಂಗಳು ತಾಲ್ಲೂಕು ಸಭೆ ಮುಗಿದು ಜಮಖಾನ ಮಡಚುವ ಹೊತ್ತಿಗೆ ನಮ್ಮ ಸಂಗಾತಿಯೊಬ್ಬರು ಜೇಬಿನಿಂದ ಒಂದು ಅರ್ಜಿ ತೆಗೆದು ಮುಂದಿಟ್ಟರು. ಅದು ಪಟ್ಟಣದ ಹೆಸರುವಾಸಿ ಹೆಣ್ಣುಮಕ್ಕಳ ಖಾಸಗಿ ಶಾಲೆಯ ಅರ್ಜಿ. ಹಾಸ್ಟೆಲ್ ಇಲ್ಲ, ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರೋ ಶಾಲೆ. ಈ ಸಂಗಾತಿ ಬ್ಯಾಂಕಿನಲ್ಲಿ ಗುಮಾಸ್ತರು. ಐದನೇ ಕ್ಲಾಸಿಂದ ಡಿಗ್ರಿವರೆಗೆ ಸರ್ಕಾರಿ ಹಾಸ್ಟೆಲಿನ ಮುದ್ದೆ ಉಂಡು ಓದಿದವರು. "ಮಗಳನ್ನ ಒಂದನೇ ಕ್ಲಾಸಿಗೆ ಇಲ್ಲಿ ಸೇರಿಸೋಣ ಅಂತಿದೀನಿ. ಸರೀನಾ ತಪ್ಪಾ, ನೀವೇ ಹೇಳಿ" ಅಂದರು.

ಅಷ್ಟೇ ಸಾಕಾಯ್ತು. ಮಡಚಿದ ಜಮಖಾನ ಮತ್ತೆ ಹಾಸಿದರು. ಒಬ್ಬರು ಹೇಳಿದರು: "ಸರ್ಕಾರಿ ಶಾಲೆಯಲ್ಲಿ ಓದಿ ಮೇಲೆ ಬಂದು ಈಗ ಅದರ ಬಾಗಿಲು ಮುಚ್ಚೋಕೆ ನೀವೂ ಕೈ ಹಾಕ್ತೀರಾ?" ಇನ್ನೊಬ್ಬರು ಎದ್ದರು: "ಗೌಡರ ಮಕ್ಕಳು, ಶಾನುಭೋಗರ ಮಕ್ಕಳು ಅಲ್ಲಿ ಓದಬಹುದು, ನಮ್ಮ ಮಕ್ಕಳು ಓದಬಾರದಾ? ಇದ್ಯಾವ ಸೀಮೆ ಸಮಾಜವಾದ?" ಅರ್ಧ ಗಂಟೆ ಕೂಗಾಟ ಆಯ್ತು. ಸಂಗಾತಿಯ ಹೆಂಡತಿ ಬಾಗಿಲ ಹತ್ತಿರ ನಿಂತು ಕೇಳ್ತಿದ್ದರು. ಕೊನೆಗೆ ಒಂದೇ ಮಾತು ಅಂದರು: "ಮಗನ್ನ ಇಂಗ್ಲಿಷ್ ಶಾಲೆಗೆ ಸೇರಿಸಿದಾಗ ನೀವ್ಯಾರೂ ಮೀಟಿಂಗ್ ಮಾಡ್ಲಿಲ್ಲ."

ಯಾರೂ ಉತ್ತರ ಕೊಡಲಿಲ್ಲ. ಕೊಡೋಕೆ ಉತ್ತರ ಇರಲಿಲ್ಲ.

ಆ ಮಾತನ್ನ ಇಟ್ಟುಕೊಂಡೇ ಇದನ್ನ ಬರೀತಿದೀವಿ. ಓದುವವರಲ್ಲಿ ಹೆಚ್ಚಿನವರು ಇನ್ನೂ ಮದುವೆಯಾಗದ ಹಾಸ್ಟೆಲ್ ಹುಡುಗರು, ಹುಡುಗಿಯರು. ಮಗಳ ಶಾಲೆಯ ಚಿಂತೆ ನಮಗ್ಯಾಕೆ ಅಂತ ಪುಟ ತಿರುವಬೇಡಿ. ನಿಮಗೆಲ್ಲ ತಂಗಿಯರಿದ್ದಾರೆ, ಅಣ್ಣಂದಿರ ಹೆಣ್ಣುಮಕ್ಕಳಿದ್ದಾರೆ. ಮನೆಯಲ್ಲಿ ಅಪ್ಪ ಅವ್ವ "ನೀನು ಓದಿದವನು, ನೀನೇ ಹೇಳು" ಅಂತ ಕೇಳೋದು ನಿಮ್ಮನ್ನೇ. ನಿಮ್ಮ ಒಂದು ಮಾತಿನ ಮೇಲೆ ಒಂದು ಹೆಣ್ಣುಮಗುವಿನ ಹತ್ತು ವರ್ಷ ನಿಂತಿರುತ್ತೆ.

ಮೊದಲು ನಮ್ಮ ತಪ್ಪನ್ನ ನಾವು ಒಪ್ಪಿಕೊಳ್ಳೋಣ. ನಮ್ಮ ಕೇರಿಗಳಲ್ಲಿ ಇವತ್ತು ಏನು ನಡೀತಿದೆ? ನಾಲ್ಕು ಕಾಸು ಕೂಡಿದ ಮನೆಯಲ್ಲಿ ಗಂಡು ಹುಡುಗ ಟೈ ಕಟ್ಟಿಕೊಂಡು ವ್ಯಾನು ಹತ್ತುತ್ತಾನೆ. ಅದೇ ಮನೆಯ ಹುಡುಗಿ ತಮ್ಮನ ಬ್ಯಾಗು ವ್ಯಾನಿಗೆ ಇಟ್ಟು, ನೀರು ಹಿಡಿದು, ಆಮೇಲೆ ಸರ್ಕಾರಿ ಶಾಲೆಗೆ ಓಡುತ್ತಾಳೆ. ದುಡ್ಡು ಸಾಲದೆ ಇಬ್ಬರನ್ನೂ ಸರ್ಕಾರಿ ಶಾಲೆಗೆ ಕಳಿಸಿದರೆ ಅದು ಬಡತನ. ಒಬ್ಬನನ್ನ ಅಲ್ಲಿ, ಒಬ್ಬಳನ್ನ ಇಲ್ಲಿ ಇಟ್ಟರೆ ಅದು ಬಡತನ ಅಲ್ಲ, ಅದು ಮನುಸ್ಮೃತಿ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸುಟ್ಟ ಪುಸ್ತಕ ನಮ್ಮ ಮನೆಯ ಖರ್ಚಿನ ಲೆಕ್ಕದಲ್ಲಿ ಇನ್ನೂ ಬದುಕಿದೆ. ಆದ್ದರಿಂದ ಮಗಳಿಗೆ ದುಡ್ಡು ಹಾಕ್ತೀನಿ ಅಂತ ಒಬ್ಬ ಅಪ್ಪ ಹೊರಟರೆ ಮೊದಲನೇ ಮಾತು ಬೈಗುಳ ಆಗಬಾರದು.

ಇನ್ನು ಖಾಸಗಿ ಶಾಲೆ ಅನ್ನೋ ಮಾತು. ಖಾಸಗಿ ಅಂದ ಕೂಡಲೇ ಅದು ಶತ್ರುವಿನ ಕೋಟೆ ಅಂತ ಕೆಲವರು ಹೇಳ್ತಾರೆ. ಚರಿತ್ರೆ ಅಷ್ಟು ಸುಲಭವಾಗಿಲ್ಲ. 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ತೆರೆದ ಶಾಲೆ ಯಾವುದು? ಅದೂ ಹೆಣ್ಣುಮಕ್ಕಳ ಶಾಲೆ, ಬೆಳಿಗ್ಗೆ ಹೋಗಿ ಸಂಜೆ ಬರೋ ಶಾಲೆ. ಸರ್ಕಾರ ತೆರೆದದ್ದಲ್ಲ, ಇಬ್ಬರು ಮನುಷ್ಯರು ಎದೆಗೊಟ್ಟು ತೆರೆದದ್ದು. ಪಾಠ ಹೇಳೋಕೆ ಹೋಗ್ತಿದ್ದ ಸಾವಿತ್ರಿಬಾಯಿಯ ಮೇಲೆ ಸೆಗಣಿ ಎಸೆದರು. ಅವರು ಹಿಂದೆ ಸರಿಯಲಿಲ್ಲ. ಫಾತಿಮಾ ಶೇಖ್ ಜೊತೆ ನಿಂತರು. ಮುಂದೆ ಮಾಂಗ್, ಮಹಾರ್ ಮಕ್ಕಳಿಗೂ ಶಾಲೆ ತೆರೆದರು. ಫುಲೆ ದಂಪತಿಗಳ ಶಾಲೆಯಲ್ಲಿ ಓದಿದ ಮುಕ್ತಾ ಸಾಳ್ವೆ ಎಂಬ ಮಾಂಗ್ ಹುಡುಗಿ 1855ರಲ್ಲಿ ಮಾಂಗ್ ಮಹಾರರ ದುಃಖದ ಬಗ್ಗೆ ಬರೆದ ಪ್ರಬಂಧ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯ್ತು. ಇನ್ನೂ ಸಣ್ಣ ಹುಡುಗಿ! ನಮ್ಮ ಜನರ ನೋವಿಗೆ ಧರ್ಮವನ್ನೇ ಕಟಕಟೆಗೆ ಎಳೆದು ನಿಲ್ಲಿಸಿದಳು.

ಈಗ ನಮ್ಮ ಕಡೆ ಬನ್ನಿ. ಮೈಸೂರಿನಲ್ಲಿ 1881ರಲ್ಲಿ ಮಹಾರಾಣಿಯ ಹೆಸರಿನಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯ್ತು. ಅದು ಶುರುವಾದದ್ದೇ ಮೇಲ್ಜಾತಿಯ ಹೆಣ್ಣುಮಕ್ಕಳಿಗೆ. ಹೆಣ್ಣುಮಕ್ಕಳು ಮಡಿ ಮೈಲಿಗೆ ಕೆಡದಂತೆ ಓದಲಿ ಅನ್ನೋ ಲೆಕ್ಕ ಅದು. ಆ ಗೋಡೆಯೂ ನಿಲ್ಲಲಿಲ್ಲ. ಆ ಶಾಲೆ ಕಾಲೇಜಾಗಿ ಬೆಳೀತು, ನಮ್ಮ ಅಕ್ಕತಂಗಿಯರು ಅಲ್ಲಿ ಓದಿ ಮೇಷ್ಟ್ರಾದರು, ವಕೀಲರಾದರು.

ಹಾಗಾದರೆ ಹೆಣ್ಣುಮಕ್ಕಳ ಶಾಲೆಯಲ್ಲಿ ಎರಡು ಥರ. ಗೋಡೆ ಒಡೆಯೋಕೆ ಹುಟ್ಟಿದ್ದು ಒಂದು, ಗೋಡೆ ಕಾಯೋಕೆ ಹುಟ್ಟಿದ್ದು ಇನ್ನೊಂದು. ಅರ್ಜಿ ಹಿಡಿದು ನಿಂತ ಅಪ್ಪ ಅವ್ವ ಕೇಳಬೇಕಾದ ಪ್ರಶ್ನೆ ಇದೇ: ನಾವು ಕಾಲಿಡ್ತಿರೋದು ಯಾವ ಥರದ ಶಾಲೆಗೆ?

ಇದಕ್ಕೂ ಮುಂಚೆ ಇನ್ನೊಂದು ಪ್ರಶ್ನೆಯನ್ನ ನಮ್ಮ ಎದೆಗೇ ಕೇಳ್ಕೋಬೇಕು. ಹೆಣ್ಣುಮಕ್ಕಳ ಶಾಲೆಯೇ ಯಾಕೆ? "ಕಾಲ ಕೆಟ್ಟಿದೆ, ಹುಡುಗರ ಜೊತೆ ಬೇಡ, ಮಾನದ ಪ್ರಶ್ನೆ" ಅನ್ನೋರು ನಮ್ಮಲ್ಲೂ ಹೆಚ್ಚಾಗ್ತಿದ್ದಾರೆ. ಈ ಮಾನ ನಮ್ಮದಲ್ಲ, ಎರವಲು ತಂದದ್ದು. ನಮ್ಮ ಅವ್ವಂದಿರು ನಾಟಿ ಹಾಕಿದ್ದು, ಕಳೆ ಕಿತ್ತಿದ್ದು, ಕಲ್ಲು ಹೊತ್ತಿದ್ದು ಗಂಡಾಳುಗಳ ಪಕ್ಕದಲ್ಲೇ. ಅವರ ಮಾನಕ್ಕೆ ಕೈ ಹಾಕಿದ್ದು ಪಕ್ಕದ ಕೂಲಿಯವನಲ್ಲ, ಬದುವಿನ ಮೇಲೆ ನಿಂತಿದ್ದ ಒಡೆಯ. ಹೆಣ್ಣನ್ನ ಮುಚ್ಚಿಟ್ಟು ಕಾಯೋದು ಜಾತಿ ಕಾಯೋರ ಕೆಲಸ. ಕಾಯೋಕೆ ಜಾತಿಯ ಗಂಟು ಇಲ್ಲದ ನಾವು ಆ ಬೀಗ ಕೊಂಡು ತಂದು ನಮ್ಮ ಬಾಗಿಲಿಗೆ ಹಾಕ್ಕೊಳ್ಳೋದು ಮೂರ್ಖತನ.

ಆದರೆ ಇನ್ನೊಂದು ಸತ್ಯವೂ ಇದೆ. ಹುಡುಗಿ ದೊಡ್ಡವಳಾದ ಮರುದಿನವೇ "ಇನ್ನು ಸಾಕು" ಅನ್ನೋ ಅಜ್ಜಿ, ಹೆಣ್ಣುಮಕ್ಕಳ ಶಾಲೆ ಅಂದರೆ "ಹೋಗ್ಲಿ ಬಿಡು" ಅಂತಾಳೆ. ಕಕ್ಕಸಿಗೆ ಬಾಗಿಲು ಇಲ್ಲ, ನೀರಿಲ್ಲ ಅಂತ ತಿಂಗಳಿಗೆ ನಾಲ್ಕು ದಿನ ಶಾಲೆ ಬಿಡೋ ಹುಡುಗಿಯರು ನಮಗೆ ಗೊತ್ತು. ಬಸ್ಸಿನಲ್ಲಿ ಕೈ ಹಾಕ್ತಾರೆ ಅಂತ ಎಂಟನೇ ಕ್ಲಾಸಿಗೇ ನಿಲ್ಲಿಸಿದ ಹುಡುಗಿಯರು ಗೊತ್ತು. ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನದ ಪ್ರಯೋಗ ಮಾಡೋಳೂ ಹುಡುಗಿಯೇ, ಬೆಂಚು ಎತ್ತೋಳೂ ಹುಡುಗಿಯೇ, ಭಾಷಣ ಮಾಡೋಳೂ ಹುಡುಗಿಯೇ. ಭಯದಿಂದ ಆರಿಸಿದರೆ ಅದು ಪಂಜರ, ಓದು ನಿಲ್ಲಬಾರದು ಅಂತ ಆರಿಸಿದರೆ ಅದು ಏಣಿ. ಶಾಲೆ ಒಂದೇ ಇರಬಹುದು, ಆದರೆ ಅಪ್ಪ ಯಾವ ಕಾರಣಕ್ಕೆ ಸೇರಿಸಿದ ಅನ್ನೋದು ಮಗಳಿಗೆ ಬೇಗ ಗೊತ್ತಾಗುತ್ತೆ.

ಒಂದು ಎಚ್ಚರಿಕೆ. ಬರೀ ಹೆಣ್ಣುಮಕ್ಕಳಿರೋ ಕಡೆ ಜಾತಿ ಇರಲ್ಲ ಅಂತ ತಿಳ್ಕೋಬೇಡಿ. ಜಾತಿಯ ಮೊದಲ ಪಾಠ ಆಗೋದು ಅಡುಗೆಮನೆಯಲ್ಲಿ. ಆ ಪಾಠ ಕಲಿತ ಮಕ್ಕಳೇ ಅಲ್ಲೂ ಬಂದು ಕೂತಿರ್ತಾರೆ.

ಹಾಗಾದರೆ ನೋಡೋದು ಏನನ್ನ? ಕಟ್ಟಡ, ಕಂಪ್ಯೂಟರು, ಫಲಿತಾಂಶದ ಬ್ಯಾನರು ನೋಡಿ ಮರುಳಾಗಬೇಡಿ. ನಮ್ಮ ಅನುಭವದಿಂದ ಕೆಲವು ಮಾತು ಹೇಳ್ತೀವಿ.

ಮೊದಲು ಶಾಲೆಯ ಆಯಾನ ಮಾತಾಡಿಸಿ. ಹೆಡ್ ಮಿಸ್ಸು ಎಲ್ಲರಿಗೂ ನಗ್ತಾ ಮಾತಾಡ್ತಾರೆ. ಕಕ್ಕಸು ತೊಳೆಯೋ ಆಯಾ ಯಾರು, ಯಾವ ಕೇರಿಯವಳು, ಅವಳಿಗೆ ಸಂಬಳ ಎಷ್ಟು, ಮಕ್ಕಳು ಅವಳನ್ನ ಏನಂತ ಕೂಗ್ತಾರೆ ಅಂತ ಕೇಳಿ. ನಿಮ್ಮ ಮಗಳು ಅಲ್ಲಿ ಹತ್ತು ವರ್ಷ ದಿನಾ ನೋಡೋದು ತನ್ನ ಅತ್ತೆಯನ್ನೋ ದೊಡ್ಡಮ್ಮನನ್ನೋ ಹೋಲೋ ಆ ಹೆಂಗಸನ್ನ. ಆಯಾನ "ಏಯ್" ಅಂತ ಕೂಗೋ ಶಾಲೆ ನಿಮ್ಮ ಮಗಳಿಗೆ ಇಂಗ್ಲಿಷಿನಲ್ಲಿ ಏನು ಕಲಿಸುತ್ತೆ?

ಪಾಠ ಹೇಳೋರಲ್ಲಿ ನಮ್ಮವರು ಒಬ್ಬರಾದರೂ ಇದ್ದಾರಾ ನೋಡಿ. ನೀರು ತುಂಬೋ ಕೆಲಸಕ್ಕೆ ನಾವು, ಕರಿಹಲಗೆ ಮುಂದೆ ನಿಲ್ಲೋಕೆ ಅವರು ಅಂದರೆ ಅದು ಊರಿನ ನಕ್ಷೆಯೇ.

ಸ್ಕಾಲರ್‌ಶಿಪ್ಪಿನ ಪಟ್ಟಿ ಹೇಗೆ ಓದ್ತಾರೆ ಕೇಳಿ. "ಎಸ್ಸಿಗಳೆಲ್ಲ ಎದ್ದು ನಿಲ್ಲಿ" ಅಂತ ಕ್ಲಾಸಿನ ನಡುವೆ ಎಬ್ಬಿಸಿ ನಿಲ್ಲಿಸಿದ್ದನ್ನ ನಾವು ಅನುಭವಿಸಿದ್ದೀವಿ. ಅದು ಸರ್ಕಾರಿ ಶಾಲೆಯಲ್ಲೇ ಆದದ್ದು. ಸಾತಾರೆಯ ಶಾಲೆಯಲ್ಲಿ ಬಾಲಕ ಭೀಮರಾಯರು ಕೂರೋ ಗೋಣಿತಟ್ಟನ್ನ ದಿನಾ ಸಂಜೆ ಮನೆಗೆ ಹೊತ್ತುಕೊಂಡು ಹೋಗಬೇಕಿತ್ತು. ಶಾಲೆ ಗುಡಿಸೋನೂ ಅದನ್ನ ಮುಟ್ಟುತ್ತಿರಲಿಲ್ಲ. ಗೋಣಿತಟ್ಟು ಹೋಯ್ತು. ಎಬ್ಬಿಸಿ ನಿಲ್ಲಿಸೋದು ಹೋಗಿಲ್ಲ.

ದುಡ್ಡಿನ ಲೆಕ್ಕವನ್ನ ಒಂದು ವರ್ಷಕ್ಕೆ ಹಾಕಬೇಡಿ, ಹತ್ತು ವರ್ಷಕ್ಕೆ ಹಾಕಿ. ನಮ್ಮ ಸಂಗಾತಿ ಜೊತೆ ಕೂತು ಹಾಕಿದೆವು. ಫೀಸು 45,000 ರೂಪಾಯಿ, ವ್ಯಾನಿಗೆ 12,000, ಬಟ್ಟೆ, ಬೂಟು, ಪುಸ್ತಕಕ್ಕೆ 9,000. ವರ್ಷಕ್ಕೆ 66,000. ಒಂದು ಪೈಸೆ ಏರದಿದ್ದರೂ ಹತ್ತು ವರ್ಷಕ್ಕೆ 6,60,000. ಏರದೆ ಇರುತ್ತಾ? ಆರನೇ ಕ್ಲಾಸಿನಲ್ಲಿ ಕಟ್ಟಲಾಗದೆ ಬಿಡಿಸಿದರೆ ಆ ಮಗುವಿಗೆ ಆಗೋ ಅವಮಾನ ಯಾರು ತುಂಬ್ತಾರೆ? ಬಡ್ಡಿ ಸಾಲ ಮಾಡಿ ಸೇರಿಸಬೇಡಿ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಹಳೆಯ ಹೆಣ್ಣುಮಕ್ಕಳ ಶಾಲೆಗಳಲ್ಲಿ ಎಷ್ಟೋ ಅನುದಾನಿತ ಶಾಲೆಗಳು. ಮೇಷ್ಟ್ರ ಸಂಬಳ ಸರ್ಕಾರದ್ದು. ಒಂದೇ ಕಾಂಪೌಂಡಿನಲ್ಲಿ ಅನುದಾನಿತ ವಿಭಾಗ, ಅನುದಾನ ಇಲ್ಲದ ವಿಭಾಗ ಎರಡೂ ನಡೆಸೋ ಆಡಳಿತ ಮಂಡಳಿಗಳಿವೆ. ಅರ್ಜಿ ಕೊಡೋ ಕಿಟಕಿಯಲ್ಲಿ ದುಬಾರಿಯದನ್ನೇ ತೋರಿಸ್ತಾರೆ. ಕೇಳಿ ತಿಳ್ಕೊಳ್ಳಿ.

ಕಾನೂನೂ ಗೊತ್ತಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮಿನ ಪ್ರಕಾರ ಡೊನೇಷನ್ ತಗೊಳ್ಳೋದು ತಪ್ಪು. ಸೇರಿಸಿಕೊಳ್ಳೋಕೆ ಮಗುವನ್ನಾಗಲಿ ಅಪ್ಪ ಅಮ್ಮನನ್ನಾಗಲಿ ಪರೀಕ್ಷೆ, ಸಂದರ್ಶನ ಮಾಡೋದೂ ತಪ್ಪು. ಅವ್ವನಿಗೆ ಇಂಗ್ಲಿಷ್ ಬರಲ್ಲ ಅಂತ ಅರ್ಜಿ ವಾಪಸ್ ಕೊಟ್ಟರೆ ತಲೆತಗ್ಗಿಸಿ ಬರಬೇಡಿ, ಕಲಮು ಹೇಳಿ. ಅದೇ ಕಾಯ್ದೆಯ 12ನೇ ಕಲಮು ಅನುದಾನ ಇಲ್ಲದ ಖಾಸಗಿ ಶಾಲೆಯ ಒಂದನೇ ಕ್ಲಾಸಿನಲ್ಲಿ ಕಾಲು ಭಾಗ ಸೀಟು ನಮ್ಮಂಥವರ ಮಕ್ಕಳಿಗೆ ಬಿಟ್ಟಿಯಾಗಿ ಕೊಡಬೇಕು ಅಂತು. ಆಮೇಲೆ ಏನಾಯ್ತು? 2014ರಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸಲ್ಲ ಅಂತು. ಹೆಸರಾದ ಹೆಣ್ಣುಮಕ್ಕಳ ಶಾಲೆಗಳಲ್ಲಿ ಬಹಳಷ್ಟು ಆ ಲೆಕ್ಕಕ್ಕೇ ಬರ್ತವೆ. 2019ರಲ್ಲಿ ನಮ್ಮ ರಾಜ್ಯ ಸರ್ಕಾರ ನಿಯಮ ತಿದ್ದಿ, ನೆರೆಯಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲ ಅಂತ ಮಾಡಿತು. ಅದೇ ವರ್ಷ ಹೈಕೋರ್ಟು ಅದನ್ನ ಎತ್ತಿಹಿಡೀತು. ಮಹಾರಾಷ್ಟ್ರ ಸರ್ಕಾರವೂ ಇಂಥದ್ದೇ ನಿಯಮ ತಂದಿತ್ತು. 2024ರಲ್ಲಿ ಬಾಂಬೆ ಹೈಕೋರ್ಟು ಅದನ್ನ ಹೊಡೆದುಹಾಕಿತು, ಸುಪ್ರೀಂ ಕೋರ್ಟೂ ಅದರಲ್ಲಿ ಕೈ ಹಾಕಲಿಲ್ಲ. ಅಲ್ಲಿನ ಜನ ಬೀದಿಗೂ ಬಂದರು, ಕೋರ್ಟಿಗೂ ಹೋದರು. ನಾವು ಎಲ್ಲಿದ್ದೀವಿ? ಒಬ್ಬ ಗುಮಾಸ್ತನನ್ನ ಜಮಖಾನದ ಮೇಲೆ ಕೂರಿಸಿ ವಿಚಾರಣೆ ಮಾಡ್ತಿದ್ದೀವಿ.

ಇಂಗ್ಲಿಷಿನ ಮಾತು ಬಂತು. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಮಾತು ಆಡಿದಾಗ ಏಟು ತಿಂದದ್ದು ಹಾಸ್ಟೆಲ್ ಹುಡುಗರು. ಕನ್ನಡದ ಹೆಸರಲ್ಲಿ ನಮಗೆ ಹೊಡೆದವರಲ್ಲಿ ಎಷ್ಟು ಜನರ ಮೊಮ್ಮಕ್ಕಳು ಇವತ್ತು ಕನ್ನಡ ಶಾಲೆಯಲ್ಲಿದ್ದಾರೆ? ಕನ್ನಡ ಉಳಿಸೋ ಭಾರ ಕೂಲಿಯವರ ಮಕ್ಕಳ ತಲೆ ಮೇಲೆ, ಇಂಗ್ಲಿಷಿನ ಸಂಬಳ ಅವರ ಮಕ್ಕಳ ಕೈಗೆ! ಇಂಗ್ಲಿಷು ಚೌಡರ್ ಕೆರೆಯ ನೀರು. ಯಾರಪ್ಪನ ಆಸ್ತಿಯೂ ಅಲ್ಲ, ಇಳಿದು ಕುಡಿಯೋಣ. ಹಾಗಂತ ಅವ್ವನ ಮಾತನ್ನ ಆಡಿದರೆ ದಂಡ ಹಾಕೋ ಶಾಲೆ ಬೇಡ. ಅವ್ವನ ಮಾತಿಗೆ ನಾಚಿಕೊಳ್ಳೋದನ್ನ ಕಲಿತ ಮಗಳು ನಾಳೆ ಅವ್ವನಿಗೇ ನಾಚಿಕೊಳ್ತಾಳೆ.

ಇಲ್ಲಿಗೆ ನಮ್ಮ ಮುಖ್ಯ ಮಾತು ಬಂತು. ಇದು ದಿನಾ ಮನೆಗೆ ಬರೋ ಶಾಲೆ. ಹಾಸ್ಟೆಲಿನವರಾದ ನಮಗೆ ಸಂಜೆ ಮನೆ ಇರಲಿಲ್ಲ. ಆದರೆ ಪಕ್ಕದ ಟ್ರಂಕಿನವನು ನಮ್ಮವನೇ ಇದ್ದ. ಬೆಳಿಗ್ಗೆ ಕ್ಲಾಸಿನಲ್ಲಿ ಯಾರಾದರೂ ಅಂದರೆ ರಾತ್ರಿ ನಲವತ್ತು ಜನ ಒಟ್ಟಿಗೆ ಸಿಟ್ಟಾಗ್ತಿದ್ದೆವು. ಆ ಸಿಟ್ಟೇ ಸಂಘಟನೆ ಆಯ್ತು. ಆ ಖಾಸಗಿ ಶಾಲೆಯ ಕ್ಲಾಸಿನಲ್ಲಿ ನಮ್ಮ ಹುಡುಗಿ ಒಬ್ಬಳೇ. ಐದು ಗಂಟೆಗೆ ಮನೆಗೆ ಬಂದು ಅವಳು ಬಾಯಿ ಬಿಡದಿದ್ದರೆ ಅವಳ ಸಿಟ್ಟು ಅವಳನ್ನೇ ಸುಡುತ್ತೆ.

ಮನೆಯಲ್ಲಿ ಏನು ನಡೀತಿದೆ? ಮಗಳ ಸ್ನೇಹಿತೆಯರು ಬರ್ತಾರೆ ಅಂತ ಬಾಬಾಸಾಹೇಬರ ಪಟವನ್ನ ನಡುಮನೆಯಿಂದ ಒಳಗಿನ ರೂಮಿಗೆ ಸಾಗಿಸಿದ ಮನೆಗಳನ್ನ ನೋಡಿದ್ದೀವಿ. ಊರಿಂದ ಅಜ್ಜಿ ಬಂದರೆ ಶಾಲೆ ಬಾಗಿಲಿಗೆ ಬರಬೇಡ ಅಂದ ಮನೆ ನೋಡಿದ್ದೀವಿ. "ಯಾರಾದ್ರೂ ಕೇಳಿದ್ರೆ ಬೇರೆ ಜಾತಿ ಹೆಸರು ಹೇಳು" ಅಂತ ಆರು ವರ್ಷದ ಮಗುವಿಗೆ ಸುಳ್ಳು ಬಾಯಿಪಾಠ ಮಾಡಿಸಿದ ಅಪ್ಪಂದಿರನ್ನ ನೋಡಿದ್ದೀವಿ. ಅವರನ್ನ ಹೀಯಾಳಿಸೋದಿಲ್ಲ, ಆ ಭಯ ನಮಗೂ ಗೊತ್ತು. ಆದರೆ ಹೇಳಲೇಬೇಕು: 66,000 ಆ ಶಾಲೆಯ ಫೀಸಲ್ಲ. ಈ ಸುಳ್ಳೇ ಅದರ ಫೀಸು, ಅದನ್ನ ಕಟ್ಟೋಳು ಮಗಳು. ತನ್ನ ಹೆಸರು, ತನ್ನ ಕೇರಿ, ತನ್ನ ಅಜ್ಜಿ ಇಷ್ಟನ್ನೂ ಜೊತೆಗಿಟ್ಟುಕೊಂಡು ಓದೋಕೆ ಆಗೋ ಶಾಲೆ ಒಳ್ಳೆಯ ಶಾಲೆ. ಇವನ್ನ ಗೇಟಿನ ಹೊರಗೆ ಬಿಟ್ಟು ಬಾ ಅನ್ನೋ ಶಾಲೆಗೆ ಬಿಟ್ಟಿ ಸೀಟು ಸಿಕ್ಕರೂ ಅದು ದುಬಾರಿಯೇ.

ಕೊನೆಗೆ, ಮೊದಲು ಎದ್ದ ಆ ಪ್ರಶ್ನೆ. ಸರ್ಕಾರಿ ಶಾಲೆಯ ಗತಿ ಏನು? 2015ರಲ್ಲಿ ಅಲಹಾಬಾದ್ ಹೈಕೋರ್ಟು ಸರ್ಕಾರಿ ಸಂಬಳ ತಿನ್ನೋರೆಲ್ಲ ತಮ್ಮ ಮಕ್ಕಳನ್ನ ಸರ್ಕಾರಿ ಶಾಲೆಗೆ ಕಳಿಸಬೇಕು ಅಂತ ಹೇಳಿತು. ಯಾವ ಮಂತ್ರಿ, ಯಾವ ಜಿಲ್ಲಾಧಿಕಾರಿ ಕೇಳಿದ? ಅವರೆಲ್ಲ ಬಿಟ್ಟು ಓಡಿದ ಮನೆಯ ತೊಲೆ ಹೊರೋಕೆ ನಮ್ಮ ಒಂದು ಹೆಣ್ಣುಮಗುವನ್ನ ನಿಲ್ಲಿಸೋದು ನ್ಯಾಯ ಅಲ್ಲ. ಹಾಗಂತ ಕೈ ತೊಳೆದುಕೊಳ್ಳೋದೂ ನ್ಯಾಯ ಅಲ್ಲ. ಫುಲೆಯವರನ್ನ ನೋಡಿ. ತಾವೇ ಶಾಲೆ ನಡೆಸಿದರು, 1882ರಲ್ಲಿ ಹಂಟರ್ ಆಯೋಗದ ಮುಂದೆ ಹೋಗಿ ರೈತ ಕೂಲಿಗಳ ಕಂದಾಯದ ದುಡ್ಡನ್ನ ಮೇಲಿನವರ ದೊಡ್ಡ ಓದಿಗೆ ಸುರೀಬೇಡಿ, ಎಲ್ಲರಿಗೂ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿ ಅಂತಲೂ ಕೇಳಿದರು. ಒಂದನ್ನ ಮಾಡಿದೆ ಅಂತ ಇನ್ನೊಂದನ್ನ ಬಿಡಲಿಲ್ಲ. ನಮ್ಮ ದಾರಿಯೂ ಅದೇ. ಮಗಳನ್ನ ಖಾಸಗಿ ಶಾಲೆಗೆ ಸೇರಿಸಿದವರು ಕೇರಿ ಶಾಲೆಯ ಮೇಷ್ಟ್ರ ಖಾಲಿ ಹುದ್ದೆಗೆ, ಕಕ್ಕಸಿನ ಬಾಗಿಲಿಗೆ, ಇಂಗ್ಲಿಷ್ ಪಾಠಕ್ಕೆ ಬಿ.ಇ.ಓ. ಆಫೀಸಿನ ಮುಂದೆ ಕೂರೋ ಧರಣಿಗೆ ಬರಲೇಬೇಕು. ಬರದಿದ್ದರೆ ಆಗ ಜಗಳ ಆಡೋಣ.

ಹಾಸ್ಟೆಲ್ ಗೆಳೆಯರೇ, ಬೇಸಿಗೆ ರಜೆಗೆ ಊರಿಗೆ ಹೋಗ್ತೀರಿ. ಮೂರು ಕೆಲಸ ಮಾಡಿ. ತಮ್ಮನಿಗೆ ಎಷ್ಟು ಖರ್ಚು, ತಂಗಿಗೆ ಎಷ್ಟು ಖರ್ಚು ಅಂತ ಕಾಗದದ ಮೇಲೆ ಬರೆದು ಅಪ್ಪನ ಮುಂದೆ ಇಡಿ. ಕೇರಿಯಲ್ಲಿ ಈ ವರ್ಷ ಒಂದನೇ ಕ್ಲಾಸಿಗೆ ಬರೋ ಹೆಣ್ಣುಮಕ್ಕಳ ಹೆಸರು ಬರೆದುಕೊಂಡು, ಯಾವ ಶಾಲೆಗಾದರೂ ಸರಿ, ಒಬ್ಬಳೂ ಹೊರಗುಳಿಯದಂತೆ ಅರ್ಜಿ ತುಂಬಿಸಿ. ಸಂಜೆ ಒಂದು ಗಂಟೆ ಕಂಬದ ಬೆಳಕಿನಲ್ಲಾದರೂ ಸರಿ, ಎರಡೂ ಶಾಲೆಯ ಮಕ್ಕಳನ್ನ ಒಟ್ಟಿಗೆ ಕೂರಿಸಿ ಪಾಠ ಹೇಳಿ. ಟೈ ಕಟ್ಟಿದವಳೂ ಕಟ್ಟದವಳೂ ಒಂದೇ ಚಾಪೆಯ ಮೇಲೆ ಕೂರಲಿ. ಕ್ಲಾಸಿನಲ್ಲಿ ಒಬ್ಬಳೇ ಇರೋ ಹುಡುಗಿಗೆ ಸಂಜೆ ನಲವತ್ತು ಜನ ಇರಲಿ.

ನಮ್ಮ ಸಂಗಾತಿ ಅರ್ಜಿಯನ್ನ ಇನ್ನೂ ಕೊಟ್ಟಿಲ್ಲ. ಗಂಡ ಹೆಂಡತಿ ಇಬ್ಬರೂ ಆ ಶಾಲೆಗೆ ಹೋಗಿ ಆಯಾನ ಮಾತಾಡಿಸಿ ಬರ್ತೀವಿ ಅಂದಿದ್ದಾರೆ. ಸೇರಿಸಲಿ, ಬಿಡಲಿ, ಮುಂದಿನ ಸಭೆಯಲ್ಲಿ ಅವರನ್ನ ಯಾರೂ ವಿಚಾರಣೆಗೆ ನಿಲ್ಲಿಸಬಾರದು. ವಿಚಾರಣೆ ಆಗಬೇಕಾದದ್ದು ನಮ್ಮ ಮಕ್ಕಳಿಗೆ ಕಾಲು ಭಾಗದ ಬಾಗಿಲು ಮುಚ್ಚಿದವರದ್ದು.

ಜೈ ಭೀಮ್.